ಲೇತ್ ಯಂತ್ರದಿಂದ ಅಧ್ಯಕ್ಷ ಪದವಿಗೆ: ಲೂಲಾ ಮತ್ತು ಬ್ರೆಜಿಲ್‌ನ ಹಸಿವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಸಿವು ಮಳೆ-ಬೆಳೆಯ ವಿಷಯ ಎಂದು ನಂಬಿದವರು ಒಮ್ಮೆ ಬ್ರೆಜಿಲ್‌ನ ಕಥೆ ಓದಬೇಕು. ಅದೇ ಮಣ್ಣು, ಅದೇ ಮಳೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋದ ಫಸಲು. ಆದರೂ ಸುಮಾರು 20 ವರ್ಷಗಳಲ್ಲಿ ಅಲ್ಲಿ ಹಸಿವು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಮುಖ್ಯವಾಗಿ ಬದಲಾದದ್ದು ಸರ್ಕಾರದ ತೀರ್ಮಾನಗಳು. ಆ ತೀರ್ಮಾನಗಳ ನಡುವೆ ನಿಂತ ಮನುಷ್ಯನ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಲೂಲಾ ಯಾರು? ಚುಟುಕಾಗಿ ಹೇಳಿ.

ಪೂರ್ತಿ ಹೆಸರು ಲೂಯಿಸ್ ಇನಾಸಿಯೊ ಲೂಲಾ ಡ ಸಿಲ್ವಾ. ‘ಲೂಲಾ’ ಮುದ್ದಿನ ಹೆಸರು. 1982ರಲ್ಲಿ ಚುನಾವಣೆಗೆ ನಿಂತಾಗ ಅದನ್ನು ದಾಖಲೆಯ ಹೆಸರಿಗೂ ಸೇರಿಸಿಕೊಂಡರು. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವರು ಲೋಹ ಕಾರ್ಮಿಕರ ಸಂಘದ ಅಧ್ಯಕ್ಷರಾದರು, ಪಕ್ಷ ಕಟ್ಟಿದರು, ಮೂರು ಸಲ ಸೋತು ನಾಲ್ಕನೇ ಸಲ ದೇಶದ ಅಧ್ಯಕ್ಷರಾದರು. 2003ರಿಂದ 2010ರವರೆಗೆ ಎರಡು ಅವಧಿ ಆಳಿ, ಮುಂದೆ 580 ದಿನ ಜೈಲಿನಲ್ಲಿದ್ದು, 2023ರ ಜನವರಿ 1ರಂದು ಮೂರನೇ ಬಾರಿಗೆ ಪ್ರಮಾಣವಚನ ಸ್ವೀಕರಿಸಿದರು.

ಬಾಲ್ಯ ನಿಜಕ್ಕೂ ಅಷ್ಟು ಬಡತನದ್ದೇ, ಅಥವಾ ರಾಜಕಾರಣಿಗಳು ಹೇಳಿಕೊಳ್ಳುವ ಕಥೆಯೇ?

ನಿಜವಾದ ಬಡತನ. 1945ರ ಅಕ್ಟೋಬರ್ 27ರಂದು ಪೆರ್ನಂಬುಕೊ ರಾಜ್ಯದಲ್ಲಿ, ಆಗ ಗರಾನ್ಯುನ್ಸ್‌ಗೆ ಸೇರಿದ್ದ ಕಯೆಟೆಸ್ ಎಂಬಲ್ಲಿ ಹುಟ್ಟಿದರು. ಈಶಾನ್ಯ ಬ್ರೆಜಿಲ್‌ನ ಒಣಸೀಮೆ ಅದು. ಬರ ಬಂತೆಂದರೆ ಊರಿಗೆ ಊರೇ ಗುಳೆ ಎದ್ದು ದಕ್ಷಿಣದ ಕೈಗಾರಿಕಾ ನಗರಗಳತ್ತ ಹೊರಡುತ್ತಿತ್ತು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಇವರು ಹುಟ್ಟುವ ಹೊತ್ತಿನಲ್ಲೇ ತಂದೆ ಕೆಲಸ ಹುಡುಕಿಕೊಂಡು ಸಾವೊ ಪಾಲೊ ರಾಜ್ಯದ ಕರಾವಳಿಗೆ ಹೊರಟರು, ಅಲ್ಲಿ ಇನ್ನೊಂದು ಸಂಸಾರ ಹೂಡಿದರು.

1952ರ ಡಿಸೆಂಬರ್‌ನಲ್ಲಿ ತಾಯಿ ಯೂರಿಡೀಸ್, ಎಲ್ಲರ ಬಾಯಲ್ಲಿ ಡೋನಾ ಲಿಂಡು, ಮಕ್ಕಳನ್ನು ಕಟ್ಟಿಕೊಂಡು ತೆರೆದ ಲಾರಿ ಹತ್ತಿದರು. ಲಾರಿಯ ಹಿಂಬದಿಗೆ ಅಡ್ಡಲಾಗಿ ಹಲಗೆ ಹಾಕಿ ಜನರನ್ನು ಕೂರಿಸುತ್ತಿದ್ದ ಆ ಗಾಡಿಗಳಲ್ಲಿ ಒರಗಲು ಬೆನ್ನಿಗೇನೂ ಇರುತ್ತಿರಲಿಲ್ಲ. ಹಾಗೆಯೇ 13 ದಿನ ಪ್ರಯಾಣ. ದಕ್ಷಿಣಕ್ಕೆ ಬಂದ ಮೇಲೆ ಹುಡುಗ ಬೀದಿಯಲ್ಲಿ ಕಡಲೆಕಾಯಿ, ಕಿತ್ತಳೆ ಮಾರಿದ. ಬೂಟು ಪಾಲಿಶ್ ಮಾಡಿದ. ಓದಲು ಬರೆಯಲು ಕಲಿತದ್ದು ಸುಮಾರು 10ನೇ ವಯಸ್ಸಿಗೆ.

ಈ ಮನುಷ್ಯ ಮುಂದೆ ಮಾಡಿದ ಯೋಜನೆಗಳಲ್ಲಿ ಹಣ ತಾಯಿಯ ಕೈಗೇ ಹೋಗಬೇಕು ಎಂಬ ಪಟ್ಟು ಎಲ್ಲಿಂದ ಬಂತು ಎಂದು ನಾನು ಹೆಚ್ಚು ಹುಡುಕುವುದಿಲ್ಲ.

ಬೆರಳು ಕಳೆದುಕೊಂಡದ್ದು ಹೇಗೆ?

ಸರ್ಕಾರಿ ಮಾನ್ಯತೆಯ ತರಬೇತಿ ಸಂಸ್ಥೆಯಲ್ಲಿ ಲೇತ್ ಕೆಲಸ ಕಲಿತರು. ನಮ್ಮ ಐಟಿಐ ಭಾಷೆಯಲ್ಲಿ ಹೇಳುವುದಾದರೆ ‘ಟರ್ನರ್’. 1960ರ ದಶಕದಲ್ಲಿ, ರಾತ್ರಿ ಪಾಳಿಯಲ್ಲಿ ಯಂತ್ರಕ್ಕೆ ಸಿಕ್ಕಿ ಎಡಗೈಯ ಕಿರುಬೆರಳು ಹೋಯಿತು. ಅಂಥ ಅಪಘಾತಗಳು ಆ ಕಾರ್ಖಾನೆಗಳಲ್ಲಿ ದಿನನಿತ್ಯದ ಮಾತಾಗಿದ್ದವು. ಅದಕ್ಕಿಂತ ದೊಡ್ಡ ಏಟು 1971ರಲ್ಲಿ ಬಿತ್ತು: ತುಂಬು ಗರ್ಭಿಣಿಯಾಗಿದ್ದ ಮೊದಲ ಪತ್ನಿ ಲೂರ್ದೆಸ್ ಹೆಪಟೈಟಿಸ್‌ನಿಂದ ತೀರಿಕೊಂಡರು, ಮಗುವೂ ಉಳಿಯಲಿಲ್ಲ.

ಕಾರ್ಮಿಕ ನಾಯಕರಾದದ್ದು ಹೇಗೆ?

ಮೊದಮೊದಲು ಸಂಘದ ಗೋಜೇ ಬೇಡ ಎನ್ನುತ್ತಿದ್ದವರು. ಎಳೆದು ತಂದದ್ದು ‘ಫ್ರೇ ಶಿಕೊ’ ಎಂದು ಹೆಸರಾದ ಅಣ್ಣ. ಸಾವೊ ಪಾಲೊ ಮಗ್ಗುಲಿನ ಸಾವೊ ಬರ್ನಾರ್ಡೊ ಡೊ ಕಾಂಪೊ ಆಗ ಬ್ರೆಜಿಲ್‌ನ ಕಾರು ಕಾರ್ಖಾನೆಗಳ ರಾಜಧಾನಿ. 1975ರಲ್ಲಿ ಅಲ್ಲಿನ ಲೋಹ ಕಾರ್ಮಿಕರ ಸಂಘಕ್ಕೆ ಲೂಲಾ ಅಧ್ಯಕ್ಷರಾದರು.

ಕಾಲ ಹೇಗಿತ್ತೆಂದರೆ, 1964ರಿಂದ ದೇಶ ಮಿಲಿಟರಿ ಆಡಳಿತದ ಕೈಯಲ್ಲಿತ್ತು. ಮುಷ್ಕರ ಹೂಡುವುದೇ ಅಪರಾಧ. ಸಂಘಗಳು ಸರ್ಕಾರದ ಹಂಗಿನಲ್ಲಿದ್ದವು. ಇಷ್ಟರ ಮಧ್ಯೆ, 1973ರ ಹಣದುಬ್ಬರದ ಅಂಕಿಯನ್ನು ಸರ್ಕಾರ ತಗ್ಗಿಸಿ ತೋರಿಸಿದ್ದು 1977ರಲ್ಲಿ ಬಯಲಾಯಿತು. ತುಟ್ಟಿಭತ್ಯೆಯ ಲೆಕ್ಕ ಗೊತ್ತಿರುವ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ತಮ್ಮ ಸಂಬಳದಲ್ಲಿ ಶೇ 34.1 ಖೋತಾ ಆಗಿದೆ ಎಂದು ಸಂಘ ಲೆಕ್ಕ ಮುಂದಿಟ್ಟಿತು. 1978ರ ಮೇ 12ರ ಬೆಳಿಗ್ಗೆ ಸ್ಕ್ಯಾನಿಯಾ ಲಾರಿ ಕಾರ್ಖಾನೆಯ ಕಾರ್ಮಿಕರು ಎಂದಿನಂತೆ ಹಾಜರಿ ಹಾಕಿ, ತಂತಮ್ಮ ಯಂತ್ರದ ಮುಂದೆ ನಿಂತು, ಸ್ವಿಚ್ ಒತ್ತದೆ ಕೈಕಟ್ಟಿಕೊಂಡರು. ಗೇಟಿನಲ್ಲಿ ಘೋಷಣೆಯಿಲ್ಲ, ಕಲ್ಲು ತೂರಾಟವಿಲ್ಲ. ಅದು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹಬ್ಬಿತು.

1979ರ ಮಾರ್ಚ್‌ನಲ್ಲಿ ಮುಷ್ಕರ ಎಷ್ಟು ದೊಡ್ಡದಾಯಿತೆಂದರೆ ಸಂಘದ ಸಭಾಂಗಣ ಸಾಲದೆ ವಿಲಾ ಯೂಕ್ಲಿಡೆಸ್ ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಹತ್ತಾರು ಸಾವಿರ ಜನ ಬಂದರು. ಮೈಕ್ ಇಲ್ಲ, ವೇದಿಕೆ ಇಲ್ಲ. ಲೂಲಾ ಮೇಜಿನ ಮೇಲೆ ಹತ್ತಿ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ಮುಂದಿನ ಸಾಲಿನವರು ಅದನ್ನು ಹಿಂದಿನವರಿಗೆ ಕೂಗಿ ಹೇಳುತ್ತಿದ್ದರು, ಅವರು ಅವರ ಹಿಂದಿನವರಿಗೆ. ಮಾತು ಮೈದಾನದ ಕೊನೆ ಮುಟ್ಟಿದ ಮೇಲೆ ಮುಂದಿನ ವಾಕ್ಯ. ಹೀಗೆ ಮಾತಾಡಿ ಅಭ್ಯಾಸವಾದವನು ಉದ್ದದ ವಾಕ್ಯ ಹೇಳಲಾರ, ಯಾರಿಗೂ ಅರ್ಥವಾಗದ ಪದ ಬಳಸಲಾರ. ಅವರ ರಾಜಕೀಯ ಭಾಷೆ ಹದಗೊಂಡದ್ದು ಅಲ್ಲಿಯೇ ಎಂಬುದು ನನ್ನ ನಂಬಿಕೆ.

1980ರ ಮುಷ್ಕರ 41 ದಿನ ನಡೆಯಿತು. ಕ್ರೀಡಾಂಗಣದ ಮೇಲೆ ಸೇನೆಯ ಹೆಲಿಕಾಪ್ಟರ್‌ಗಳು ಹಾರಾಡಿದವು. ಏಪ್ರಿಲ್ 19ರಂದು ಲೂಲಾರನ್ನು ಬಂಧಿಸಿ 31 ದಿನ ಒಳಗಿಟ್ಟರು. ಆ ದಿನಗಳಲ್ಲೇ ಡೋನಾ ಲಿಂಡು ತೀರಿಕೊಂಡರು. ಮಗ ಪೊಲೀಸ್ ಕಾವಲಿನಲ್ಲಿ ಬಂದು ಮಣ್ಣು ಮಾಡಿ ಜೈಲಿಗೆ ಮರಳಿದರು.

ಅವರು ಕಮ್ಯುನಿಸ್ಟರೇ?

ಅಲ್ಲ. ಎಡಪಂಥೀಯರು ಹೌದು. 1980ರ ಫೆಬ್ರುವರಿ 10ರಂದು ಸ್ಥಾಪನೆಯಾದ, ‘ಪಿಟಿ’ ಎಂದು ಕರೆಯುವ ಕಾರ್ಮಿಕರ ಪಕ್ಷದಲ್ಲಿ ಸಂಘದವರು, ಬಡವರ ಪರ ನಿಂತ ಕ್ಯಾಥೊಲಿಕ್ ಪಾದ್ರಿಗಳು ಮತ್ತು ಅವರ ಹಳ್ಳಿ-ಕೇರಿಯ ಸಮುದಾಯಗಳು, ಪ್ರಾಧ್ಯಾಪಕರು, ಮಿಲಿಟರಿ ವಿರುದ್ಧ ಹೋರಾಡಿದವರು, ಹೀಗೆ ಬಗೆಬಗೆಯ ಜನ ಇದ್ದರು. ಲೂಲಾ ಸ್ವಭಾವತಃ ಸಂಧಾನಕಾರ. ಮಾಲೀಕರ ಎದುರು ಕೂತು ಚೌಕಾಸಿ ಮಾಡಿ ಬಂದವರು; ಅಧ್ಯಕ್ಷರಾದ ಮೇಲೂ ಅದನ್ನೇ ಮಾಡಿದರು. ಅದೇ ಅವರ ಶಕ್ತಿ. ಅವರ ಮೇಲಿನ ದೊಡ್ಡ ಆಕ್ಷೇಪಗಳೂ ಅಲ್ಲಿಂದಲೇ ಹುಟ್ಟಿದವು.

ಮೂರು ಸಲ ಸೋತವರು 2002ರಲ್ಲಿ ಗೆದ್ದದ್ದು ಹೇಗೆ?

1989ರಲ್ಲಿ ಫೆರ್ನಾಂಡೊ ಕೊಲ್ಲೊರ್ ಎದುರು, 1994 ಮತ್ತು 1998ರಲ್ಲಿ ಫೆರ್ನಾಂಡೊ ಎನ್ರಿಕೆ ಕಾರ್ಡೊಸೊ ಎದುರು ಸೋತರು. 2002ರಲ್ಲಿ ಜವಳಿ ಉದ್ಯಮಿ ಜೋಸೆ ಅಲೆಂಕಾರ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೆ ನಿಲ್ಲಿಸಿಕೊಂಡು, ದೇಶದ ಸಾಲ ಮತ್ತು ಒಪ್ಪಂದಗಳನ್ನು ಗೌರವಿಸುತ್ತೇವೆ ಎಂದು ಬಹಿರಂಗ ಪತ್ರ ಬರೆದು, ಶೇ 61ರಷ್ಟು ಮತ ಪಡೆದು ಗೆದ್ದರು. ಪ್ರಮಾಣವಚನದ ದಿನ ಹೇಳಿದ ಮಾತಿನ ಸಾರ ಇಷ್ಟು: ನನ್ನ ಅವಧಿ ಮುಗಿಯುವಾಗ ಪ್ರತಿಯೊಬ್ಬ ಬ್ರೆಜಿಲಿಗನಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಸಿಗುವಂತಾದರೆ ನನ್ನ ಬದುಕಿನ ಕೆಲಸ ಮುಗಿದಂತೆ.

ಮೂರು ಹೊತ್ತಿನ ಊಟ. ಅಷ್ಟು ದೊಡ್ಡ ದೇಶದ ಅಧ್ಯಕ್ಷನೊಬ್ಬ ಅದನ್ನು ಗುರಿಯೆಂದು ಹೇಳಬೇಕಾಯಿತಲ್ಲ ಎಂಬುದೇ ನನ್ನನ್ನು ಈಗಲೂ ಕಾಡುತ್ತದೆ.

ಸೋಯಾ, ಸಕ್ಕರೆ, ಕಾಫಿ, ಮಾಂಸ ಎಲ್ಲವನ್ನೂ ರಫ್ತು ಮಾಡುವ ದೇಶದಲ್ಲಿ ಹಸಿವೇಕೆ?

ಬೆಳೆ ಒಂದು ಕಡೆ, ಕೊಳ್ಳುವ ಶಕ್ತಿ ಇನ್ನೊಂದು ಕಡೆ. ಭೂಮಿ ಕೆಲವೇ ಜನರ ಕೈಯಲ್ಲಿದೆ. 1888ರವರೆಗೆ ಗುಲಾಮಗಿರಿ ನಡೆಸಿದ ದೇಶ ಅದು. ಬಿಡುಗಡೆಯಾದವರಿಗೆ ತುಂಡು ನೆಲವನ್ನೂ ಕೊಡಲಿಲ್ಲ. ಹಸಿವು ಮನುಷ್ಯರೇ ಮಾಡಿದ್ದು ಎಂದು ರೆಸಿಫೆಯ ವೈದ್ಯ ಜೋಸುಯೆ ಡಿ ಕಾಸ್ತ್ರೊ 1940ರ ದಶಕದಲ್ಲೇ ವಾದಿಸಿದ್ದರು. ಮಿಲಿಟರಿ ಆಡಳಿತದಿಂದಾಗಿ ದೇಶ ಬಿಟ್ಟ ಅವರು 1973ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

‘ಫೋಮೆ ಝೀರೊ’ ಅಂದರೇನು? ಅದು ಸೋತಿತು ಅಂತಾರಲ್ಲ?

‘ಶೂನ್ಯ ಹಸಿವು’ ಎಂಬ ಹೆಸರಿನ ಈ ಅಭಿಯಾನ 2003ರ ಜನವರಿಯಲ್ಲಿ ಶುರುವಾಯಿತು. ಕೃಷಿ ಅರ್ಥಶಾಸ್ತ್ರಜ್ಞ ಜೋಸೆ ಗ್ರಾಜಿಯಾನೊ ಡ ಸಿಲ್ವಾ ಅದರ ಹೊಣೆ ಹೊತ್ತ ಸಚಿವರು. ಪ್ರಯೋಗಕ್ಕೆ ಆರಿಸಿಕೊಂಡದ್ದು ಪಿಯಾವಿ ರಾಜ್ಯದ ಗುವಾರಿಬಾಸ್ ಎಂಬ ಕಡುಬಡ ಊರು.

ಮೊದಲ ತಿಂಗಳುಗಳು ಎಡವುತ್ತಲೇ ಸಾಗಿದವು. ಕೊಟ್ಟ 50 ರಿಯಾಲ್ (ಬ್ರೆಜಿಲ್‌ನ ನಾಣ್ಯ) ಹಣವನ್ನು ಆಹಾರಕ್ಕೇ ಖರ್ಚು ಮಾಡಿದ್ದೇವೆಂದು ಕುಟುಂಬಗಳು ಲೆಕ್ಕ ತೋರಿಸಬೇಕು ಎಂಬ ನಿಯಮ ಮಾಡಿದರು. ಬಡವರು ಏನು ಕೊಳ್ಳಬೇಕೆಂದು ಅಧಿಕಾರಿ ಹೇಳುವುದೇ ಎಂದು ಟೀಕೆ ಬಂತು, ನಿಯಮ ಬಿದ್ದುಹೋಯಿತು. ಒಳ್ಳೆಯದೇ ಆಯಿತು. ಫೋಮೆ ಝೀರೊ ಸೋತಿತು ಎನ್ನುವುದು ಸರಿಯಲ್ಲ; ಅದು ಹಲವು ಯೋಜನೆಗಳ ಕೊಡೆಯಾಗಿ ಉಳಿಯಿತು, ಒಳಗಿನ ಮುಖ್ಯ ಯೋಜನೆ ಬೇರೆ ಹೆಸರು ಪಡೆಯಿತು. ಗ್ರಾಜಿಯಾನೊ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಮಹಾನಿರ್ದೇಶಕರಾದರು.

‘ಬೋಲ್ಸಾ ಫಮೀಲಿಯಾ’ ಹೇಗೆ ಕೆಲಸ ಮಾಡುತ್ತದೆ?

2003ರ ಅಕ್ಟೋಬರ್‌ನಲ್ಲಿ ಬಂದ ಯೋಜನೆ. ಹಿಂದಿನ ಸರ್ಕಾರದ ಕಾಲದಿಂದ ಇದ್ದ ಶಾಲಾ ಭತ್ಯೆ, ಪೌಷ್ಟಿಕ ಆಹಾರ ಭತ್ಯೆ, ಅಡುಗೆ ಅನಿಲ ಭತ್ಯೆಗಳನ್ನೂ ಹೊಸ ಆಹಾರ ಕಾರ್ಡನ್ನೂ ಸೇರಿಸಿ ಒಂದೇ ಮಾಡಿದರು.

ನಡೆಯುವ ಬಗೆ ಹೀಗೆ. ಬಡ ಕುಟುಂಬ ತನ್ನ ಊರಿನ ಪುರಸಭೆಯ ಸಮಾಜ ಕಲ್ಯಾಣ ಕೇಂದ್ರಕ್ಕೆ ಹೋಗಿ ‘ಏಕ ನೋಂದಣಿ’ ಎಂಬ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬರೆಸುತ್ತದೆ: ಮನೆಯಲ್ಲಿ ಎಷ್ಟು ಜನ, ಯಾರ ದುಡಿಮೆ ಎಷ್ಟು, ಮನೆ ಎಂಥದ್ದು, ನೀರು ಎಲ್ಲಿಂದ. ತಲಾ ಆದಾಯ ಮಿತಿಯೊಳಗಿದ್ದರೆ ಕೇಂದ್ರ ಸರ್ಕಾರದ ಬ್ಯಾಂಕ್ ಕಾರ್ಡ್ ಕಳಿಸುತ್ತದೆ. ನಡುವೆ ಶಾಸಕನ ಶಿಫಾರಸಿಲ್ಲ, ಪುಢಾರಿಯ ಕೈಯಿಲ್ಲ. ಈಶಾನ್ಯದ ಹಳ್ಳಿಗಳಲ್ಲಿ ಜಮೀನ್ದಾರನ ದಯೆಗೆ ಕೈಚಾಚಿ, ಪ್ರತಿಯಾಗಿ ಮತ ಕೊಟ್ಟು ತಲೆಮಾರುಗಳೇ ಕಳೆದಿದ್ದ ಜನಕ್ಕೆ ಇದು ಸಣ್ಣ ಬದಲಾವಣೆಯಲ್ಲ. ಕಾರ್ಡುಗಳಲ್ಲಿ ಶೇ 90ಕ್ಕೂ ಹೆಚ್ಚು ಹೆಂಗಸರ ಹೆಸರಲ್ಲಿದ್ದವು. ಗೃಹಲಕ್ಷ್ಮಿ ಹಣ ಮನೆಯೊಡತಿಯ ಖಾತೆಗೆ ಬೀಳುವುದನ್ನು ಕಂಡ ಕನ್ನಡದ ಓದುಗರಿಗೆ ಇದರ ಮರ್ಮ ಗೊತ್ತು.

ಆದರೆ ಅಲ್ಲಿ ಷರತ್ತುಗಳಿದ್ದವು. 6ರಿಂದ 15 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಶೇ 85 ಹಾಜರಿ, ಚಿಕ್ಕ ಮಕ್ಕಳಿಗೆ ಲಸಿಕೆ, ಗರ್ಭಿಣಿಯರಿಗೆ ತಪಾಸಣೆ. ಮಗು ಶಾಲೆ ತಪ್ಪಿಸಿದರೆ ತಕ್ಷಣ ಹಣ ಕತ್ತರಿಸುವುದಿಲ್ಲ. ಮೊದಲು ಎಚ್ಚರಿಕೆ, ಸಮಾಜ ಕಾರ್ಯಕರ್ತರ ವಿಚಾರಣೆ, ಕೊನೆಗಷ್ಟೇ ರದ್ದು. ಶುರುವಿನಲ್ಲಿ ಒಂದು ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 95 ರಿಯಾಲ್ ಸಿಗುತ್ತಿತ್ತು. 2006ರ ಹೊತ್ತಿಗೆ 1.1 ಕೋಟಿ ಕುಟುಂಬಗಳು, ಮುಂದೆ ಸುಮಾರು 1.4 ಕೋಟಿ ಕುಟುಂಬಗಳು ಸೇರಿದವು. ಅಂದರೆ ದೇಶದ ಕಾಲುಭಾಗ ಜನ. ಖರ್ಚು ಒಟ್ಟು ದೇಶೀಯ ಉತ್ಪನ್ನದ ಶೇ 0.5ರ ಆಸುಪಾಸು.

ಪುಕ್ಕಟೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ?

ಈ ಪ್ರಶ್ನೆ ಬ್ರೆಜಿಲ್‌ನಲ್ಲೂ 20 ವರ್ಷ ಕೇಳಿಬಂದಿದೆ, ನಮ್ಮಲ್ಲೂ ದಿನಾ ಕೇಳುತ್ತೇವೆ. 95 ರಿಯಾಲ್‌ಗೆ ಯಾರೂ ಕೆಲಸ ಬಿಟ್ಟು ಮನೆಯಲ್ಲಿ ಕೂರಲಾರರು. ದೊಡ್ಡವರ ದುಡಿಮೆ ಗಣನೀಯವಾಗಿ ಕುಗ್ಗಿದ ಪುರಾವೆ ಅಧ್ಯಯನಗಳಲ್ಲಿ ಕಂಡಿಲ್ಲ.

ಕಂಡದ್ದು ಬೇರೆ. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆ ಚೆನ್ನಾಗಿ ಹಬ್ಬಿದ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ 17ರಷ್ಟು ಕಡಿಮೆಯಾಗಿತ್ತು. ಅಪೌಷ್ಟಿಕತೆಯಿಂದ ಸಾಯುವ ಮಕ್ಕಳ ಪ್ರಮಾಣ ಶೇ 65ರಷ್ಟು, ಅತಿಸಾರದಿಂದ ಸಾಯುವವರದು ಶೇ 53ರಷ್ಟು ಇಳಿದಿತ್ತು. ಈ ಅಂಕಿಗಳನ್ನು ಪಕ್ಕಕ್ಕಿಟ್ಟು ಸೋಮಾರಿತನದ ಬಗ್ಗೆ ಚರ್ಚಿಸುವುದು ನನಗೆ ಸಾಧ್ಯವಿಲ್ಲ.

ಹಾಗಾದರೆ ಬರೀ ಹಣ ಹಂಚಿ ಹಸಿವು ನೀಗಿಸಿದರೇ?

ಇಲ್ಲ. ಹೊರಗಿನವರು ಬೋಲ್ಸಾ ಫಮೀಲಿಯಾ ಒಂದನ್ನೇ ಹೇಳುತ್ತಾರೆ, ಅದರ ಹಿಂದಿನ ಜಾಲ ಕಾಣುವುದಿಲ್ಲ. ಕನಿಷ್ಠ ವೇತನವನ್ನೇ ತೆಗೆದುಕೊಳ್ಳಿ: ಕಾರ್ಮಿಕ ಒಕ್ಕೂಟಗಳೊಂದಿಗೆ ಕೂತು, ಹಣದುಬ್ಬರ ಮತ್ತು ಆರ್ಥಿಕ ಬೆಳವಣಿಗೆ ಎರಡನ್ನೂ ಕೂಡಿಸಿ ವರ್ಷ ವರ್ಷ ಏರಿಸುವ ಸೂತ್ರ ಒಪ್ಪಿಕೊಂಡರು. ಎಂಟು ವರ್ಷಗಳಲ್ಲಿ ಅದರ ನಿಜ ಬೆಲೆ ಸುಮಾರು ಅರ್ಧದಷ್ಟು ಹೆಚ್ಚಿತು. ಹಳ್ಳಿಯ ಮುದುಕರ ಪಿಂಚಣಿಯೂ ಕನಿಷ್ಠ ವೇತನಕ್ಕೆ ಹೊಂದಿಕೊಂಡಿದ್ದರಿಂದ ಅವರಿಗೂ ಲಾಭವಾಯಿತು. ಬಡತನ ಇಳಿದದ್ದರಲ್ಲಿ ಇದರ ಪಾಲು ದೊಡ್ಡದು, ಆದರೆ ಸುದ್ದಿಯಾಗುವುದು ಕಡಿಮೆ.

ಇನ್ನೊಂದು ಶಾಲೆಯ ಊಟ. ಸುಮಾರು 4 ಕೋಟಿ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಉಣ್ಣುತ್ತಾರೆ. 2009ರ ಕಾನೂನು, ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದ ನೇರ ಖರೀದಿಗೆ ಬಳಸಬೇಕೆಂದಿತು. ಮಗುವಿನ ತಟ್ಟೆಗೆ ಸೊಪ್ಪು, ಬಾಳೆಹಣ್ಣು, ಕಾಳು ಬಂತು. ಊರಿನ ರೈತನಿಗೆ ಖಾತ್ರಿ ಗಿರಾಕಿ ಸಿಕ್ಕಿತು. ದೂರದ ಗುತ್ತಿಗೆದಾರನ ಬಿಸ್ಕತ್ತು ಪೊಟ್ಟಣಕ್ಕೂ ಇದಕ್ಕೂ ಇರುವ ಅಂತರ ಯೋಚಿಸಿ.

ಲೂಲಾ ಹುಟ್ಟಿದ ಒಣಸೀಮೆಗೆ ನೀರಿನ ತೊಟ್ಟಿಗಳು ಬಂದವು. ಯೋಚನೆ ಸರ್ಕಾರದ್ದಲ್ಲ, ಅಲ್ಲಿನ ರೈತ ಸಂಘಟನೆಗಳು ಮತ್ತು ಚರ್ಚ್ ಗುಂಪುಗಳ ಒಕ್ಕೂಟದ್ದು. 2003ರಿಂದ ಸರ್ಕಾರ ಹಣ ಹಾಕಿತು. ಮನೆಯ ಪಕ್ಕ ಸಿಮೆಂಟ್ ಹಲಗೆಗಳನ್ನು ದುಂಡಗೆ ಜೋಡಿಸಿ, ತಂತಿ ಸುತ್ತಿ, ಗಾರೆ ಮೆತ್ತಿ, ಸುಣ್ಣ ಬಳಿದ 16,000 ಲೀಟರ್ ತೊಟ್ಟಿ. ಹೆಂಚಿನ ಸೂರಿನಂಚಿಗೆ ತಗಡಿನ ದೋಣಿ ಕಟ್ಟಿ, ಮಳೆ ನೀರು ಕೊಳವೆಯಲ್ಲಿ ಇಳಿಯುವಂತೆ ಮಾಡುತ್ತಾರೆ. ಕಟ್ಟುವವರು ಊರಿನ ಗಾರೆಯವರೇ; ಹೆಂಗಸರೂ ಆ ಕೆಲಸ ಕಲಿತರು. ಒಂದು ತೊಟ್ಟಿ ತುಂಬಿದರೆ ಐದಾರು ಜನರ ಮನೆಗೆ ಕುಡಿಯಲು, ಅಡುಗೆಗೆ ಬೇಸಿಗೆ ಕಳೆಯುವಷ್ಟು ನೀರು. ತಲೆಯ ಮೇಲೆ ಕೊಡ ಹೊತ್ತು ಕೆಸರು ಹೊಂಡಕ್ಕೆ ನಡೆಯುವ ಕೆಲಸ ತಪ್ಪಿತು. ನೀರಿನ ಟ್ಯಾಂಕರ್ ಕಳಿಸಿ ಮತ ಕೇಳುವವರ ಆಟವೂ ಸಡಿಲವಾಯಿತು.

2010ರಲ್ಲಿ ಆಹಾರದ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದರು.

ಎಲ್ಲ ಶ್ರೇಯ ಲೂಲಾ ಒಬ್ಬರಿಗೇ ಸಲ್ಲಬೇಕೇ?

ಸಲ್ಲದು. ಹಣದುಬ್ಬರಕ್ಕೆ ಲಗಾಮು ಹಾಕಿದ್ದು, ಶಾಲಾ ಭತ್ಯೆ ಮತ್ತು ಏಕ ನೋಂದಣಿಗೆ ಅಡಿಪಾಯ ಹಾಕಿದ್ದು ಲೂಲಾಗಿಂತ ಹಿಂದಿನ ಅಧ್ಯಕ್ಷ ಕಾರ್ಡೊಸೊ ಅವರ ಕಾಲ. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಡಿ ಸೋಜಾ, ಅಂದರೆ ಜನ ಕರೆಯುವ ಬೆಟಿನ್ಯೊ, 1993ರಲ್ಲೇ ಹಸಿವಿನ ವಿರುದ್ಧ ಊರೂರಲ್ಲಿ ನಾಗರಿಕರ ಸಮಿತಿ ಕಟ್ಟಿಸಿದ್ದರು. ಚೀನಾ ಕಬ್ಬಿಣದ ಅದಿರು, ಸೋಯಾ ಮುಗಿಬಿದ್ದು ಕೊಳ್ಳುತ್ತಿದ್ದ ಕಾಲ ಬೇರೆ. ಖಜಾನೆಯಲ್ಲಿ ಹಣ ಇತ್ತು. ಆದರೆ ಅದಿರು ಮಾರಿದ ಹಣ ಬಡವರ ಮನೆಗೆ ತಾನಾಗಿ ಹೋಗುವುದಿಲ್ಲ. ಬಳ್ಳಾರಿ ಕಂಡ ನಮಗೆ ಅದು ಚೆನ್ನಾಗಿ ಗೊತ್ತು.

ಆ ಮೊದಲ ಎರಡು ಅವಧಿಗಳಲ್ಲಿ ಮಾಡದೆ ಬಿಟ್ಟದ್ದೂ ಇದೆ. ಭೂಸುಧಾರಣೆ ಕುಂಟಿತು, ಶ್ರೀಮಂತರ ಮೇಲಿನ ತೆರಿಗೆಯನ್ನು ಮುಟ್ಟಲಿಲ್ಲ, ಬ್ಯಾಂಕುಗಳು ಭರ್ಜರಿ ಲಾಭ ಮಾಡಿದವು. ಅಮೆಜಾನ್ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಪರಿಸರ ಸಚಿವೆ ಮರೀನಾ ಸಿಲ್ವಾ 2008ರಲ್ಲಿ ರಾಜೀನಾಮೆ ಕೊಟ್ಟರು. 2023ರಲ್ಲಿ ಅದೇ ಖಾತೆಗೆ ಮರಳಿದರು.

ಭ್ರಷ್ಟಾಚಾರ, ಜೈಲು: ಏನದು?

ಎರಡು ಪ್ರಕರಣಗಳನ್ನು ಬೇರೆಬೇರೆ ನೋಡಬೇಕು. 2005ರಲ್ಲಿ, ಸಂಸತ್ತಿನ ಬೆಂಬಲಕ್ಕಾಗಿ ಮಿತ್ರಪಕ್ಷಗಳಿಗೆ ಹಣ ಹಂಚಿದ ‘ಮೆನ್ಸಲಾವೊ’ ಹಗರಣ ಬಯಲಾಯಿತು. ಲೂಲಾ ಮೇಲೆ ಆರೋಪಪಟ್ಟಿ ಇರಲಿಲ್ಲ, ಆದರೆ ಬಲಗೈಯಾಗಿದ್ದ ಜೋಸೆ ದಿರ್ಸೆವ್ ಸ್ಥಾನ ಬಿಟ್ಟರು, ಮುಂದೆ ಶಿಕ್ಷೆಗೂ ಗುರಿಯಾದರು. ಪಕ್ಷ ಕಟ್ಟಿದ ಆದರ್ಶಕ್ಕೆ ಅದು ಆಳವಾದ ಗಾಯ. ಅದನ್ನು ಮುಚ್ಚಿಟ್ಟು ಲೂಲಾರನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಪೆಟ್ರೊಬ್ರಾಸ್ ತೈಲ ಕಂಪನಿಯ ಗುತ್ತಿಗೆಗಳ ಸುತ್ತ ನಡೆದ ‘ಲಾವಾ ಜಾಟೊ’ ತನಿಖೆ. ಕಡಲತೀರದ ಒಂದು ಅಪಾರ್ಟ್‌ಮೆಂಟನ್ನು ಲಂಚವಾಗಿ ಪಡೆದರೆಂದು 2017ರಲ್ಲಿ ನ್ಯಾಯಾಧೀಶ ಸೆರ್ಜಿಯೊ ಮೊರೊ ಶಿಕ್ಷೆ ವಿಧಿಸಿದರು. 2018ರ ಏಪ್ರಿಲ್‌ನಲ್ಲಿ ತಮ್ಮ ಹಳೆಯ ಕಾರ್ಮಿಕ ಸಂಘದ ಕಟ್ಟಡದಿಂದಲೇ ಹೊರಟು ಲೂಲಾ ಶರಣಾದರು. ಆ ವರ್ಷದ ಚುನಾವಣೆಗೆ ನಿಲ್ಲಲಾಗಲಿಲ್ಲ. ಬಲಪಂಥೀಯ ಜೈರ್ ಬೊಲ್ಸೊನಾರೊ ಗೆದ್ದರು, ಮೊರೊ ಅವರ ನ್ಯಾಯ ಸಚಿವರಾದರು. ನ್ಯಾಯಾಧೀಶರೂ ಸರ್ಕಾರಿ ವಕೀಲರೂ ಒಳಗೊಳಗೇ ಸಂದೇಶ ಕಳಿಸಿಕೊಳ್ಳುತ್ತಿದ್ದದ್ದು 2019ರಲ್ಲಿ ಹೊರಬಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್, ಆ ನ್ಯಾಯಾಲಯಕ್ಕೆ ವಿಚಾರಣೆಯ ವ್ಯಾಪ್ತಿಯೇ ಇರಲಿಲ್ಲವೆಂದು ಶಿಕ್ಷೆಗಳನ್ನು ರದ್ದು ಮಾಡಿತು, ಮೊರೊ ಪಕ್ಷಪಾತಿಯಾಗಿದ್ದರೆಂದೂ ತೀರ್ಪಿತ್ತಿತು. ಬ್ರೆಜಿಲ್‌ನ ಅರ್ಧ ಜನ ಇದನ್ನು ನ್ಯಾಯವೆಂದು ನೋಡಿದರು, ಇನ್ನರ್ಧ ಜನ ಪಾರಾಗುವ ದಾರಿಯೆಂದು. 2022ರ ಫಲಿತಾಂಶದಲ್ಲೂ ಅದೇ ಬಿರುಕು ಕಂಡಿತು: ಲೂಲಾಗೆ ಶೇ 50.9, ಬೊಲ್ಸೊನಾರೊಗೆ ಶೇ 49.1.

ಹಸಿವಿನ ನಕ್ಷೆಯಿಂದ ಹೊರಬಂದ ದೇಶ ಮತ್ತೆ ಒಳಗೆ ಹೋದದ್ದು ಹೇಗೆ?

ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಪ್ರಶ್ನೆ ಇದು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅಪೌಷ್ಟಿಕರ ಪ್ರಮಾಣ ಶೇ 2.5ಕ್ಕಿಂತ ಕೆಳಗಿಳಿದರೆ ದೇಶ ಹಸಿವಿನ ನಕ್ಷೆಯಿಂದ ಹೊರಬಂದಂತೆ. ಬ್ರೆಜಿಲ್ 2014ರಲ್ಲಿ ಹೊರಬಂತು. ಆಮೇಲೆ ಆರ್ಥಿಕ ಹಿಂಜರಿತ ಬಡಿಯಿತು. 2016ರಲ್ಲಿ ಲೂಲಾರ ಉತ್ತರಾಧಿಕಾರಿ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರನ್ನು ಸಂಸತ್ತು ಪದಚ್ಯುತಗೊಳಿಸಿತು. ಅದೇ ವರ್ಷ ಸರ್ಕಾರಿ ಖರ್ಚಿಗೆ 20 ವರ್ಷಗಳ ಮಿತಿ ಹಾಕುವ ಸಂವಿಧಾನ ತಿದ್ದುಪಡಿ ಬಂತು. ಶಾಲೆಯ ಊಟದ ದರ ವರ್ಷಗಟ್ಟಲೆ ಏರಲಿಲ್ಲ. ಸಣ್ಣ ರೈತರಿಂದ ಕೊಳ್ಳುವ ಯೋಜನೆಯ ಹಣ ಕರಗಿತು. 2019ರ ಜನವರಿ 1ರಂದು, ಅಧಿಕಾರಕ್ಕೆ ಬಂದ ಮೊದಲ ದಿನವೇ, ಬೊಲ್ಸೊನಾರೊ ಸರ್ಕಾರ ಆಹಾರ ಭದ್ರತಾ ಮಂಡಳಿಯನ್ನು ಎತ್ತಿಹಾಕಿತು. ಹಸಿವಿನ ಬಗ್ಗೆ ಸರ್ಕಾರಕ್ಕೆ ಎದುರು ಕೂತು ಮಾತಾಡಲು ಜನಸಂಘಟನೆಗಳಿಗಿದ್ದ ಜಾಗವೇ ಹೋಯಿತು. ಮೇಲೆ ಕೋವಿಡ್.

2021ರಲ್ಲಿ ಕುಯಬಾ ನಗರದಲ್ಲಿ, ಮಾಂಸದಂಗಡಿ ಪುಕ್ಕಟೆ ಕೊಡುವ ಮೂಳೆಗಾಗಿ ಜನ ಸಾಲು ನಿಂತರು. ಕುಯಬಾ ಇರುವುದು ಮಾತೊ ಗ್ರೊಸೊ ರಾಜ್ಯದಲ್ಲಿ, ಬ್ರೆಜಿಲ್‌ನ ಸೋಯಾ ಮತ್ತು ದನದ ಸಾಕಣೆಯ ನಟ್ಟನಡುವೆ. 2022ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದು 3.31 ಕೋಟಿ ಜನ ಹಸಿದಿದ್ದಾರೆ ಎಂದಿತು. ಈ ಸಮೀಕ್ಷೆಯ ಅಳತೆ ವಿಶ್ವಸಂಸ್ಥೆಯದಕ್ಕಿಂತ ಬೇರೆ, ನೇರವಾಗಿ ಹೋಲಿಸಬಾರದು. ದಿಕ್ಕು ಮಾತ್ರ ಎರಡರಲ್ಲೂ ಒಂದೇ.

ಭಾರತಕ್ಕೂ ಇವರಿಗೂ ಏನು ನಂಟು?

2004ರ ಗಣರಾಜ್ಯೋತ್ಸವಕ್ಕೆ ದಿಲ್ಲಿಯಲ್ಲಿ ಮುಖ್ಯ ಅತಿಥಿಯಾಗಿದ್ದರು. ಅದಕ್ಕೂ ಮೊದಲು 2003ರಲ್ಲಿ ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಸೇರಿ ‘ಇಬ್ಸಾ’ ವೇದಿಕೆ ಕಟ್ಟಿದವು. ಬಡತನ ಮತ್ತು ಹಸಿವಿನ ವಿರುದ್ಧದ ಕೆಲಸಕ್ಕೆ ಅದರದ್ದೇ ಒಂದು ನಿಧಿ ಇದೆ. 2010ನೇ ಸಾಲಿನ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿ ಲೂಲಾಗೆ ಸಂದಿತು. 2024ರ ನವೆಂಬರ್‌ನಲ್ಲಿ ರಿಯೊ ಜಿ-20 ಶೃಂಗಸಭೆಯಲ್ಲಿ ಅವರು ಆರಂಭಿಸಿದ ಹಸಿವು-ಬಡತನ ವಿರೋಧಿ ಜಾಗತಿಕ ಮೈತ್ರಿಕೂಟಕ್ಕೆ 80ಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತವೂ ಅದರಲ್ಲಿದೆ.

ಮೂರನೇ ಅವಧಿಯಲ್ಲಿ ಏನಾಯಿತು?

ಕಿತ್ತುಹಾಕಿದ್ದನ್ನು ಮತ್ತೆ ಜೋಡಿಸುವ ಕೆಲಸ. ಆಹಾರ ಭದ್ರತಾ ಮಂಡಳಿ 2023ರ ಫೆಬ್ರುವರಿಯಲ್ಲಿ ಮರಳಿತು. ಹಿಂದಿನ ಸರ್ಕಾರ ಹೆಸರು ಬದಲಿಸಿದ್ದ ಬೋಲ್ಸಾ ಫಮೀಲಿಯಾ ಮಾರ್ಚ್‌ನಲ್ಲಿ ಬಂತು: ಕುಟುಂಬಕ್ಕೆ ಕನಿಷ್ಠ 600 ರಿಯಾಲ್, ಆರು ವರ್ಷದವರೆಗಿನ ಪ್ರತಿ ಮಗುವಿಗೆ ಇನ್ನೂ 150. ದುಡಿಮೆ ಸಿಕ್ಕಿ ಆದಾಯ ಏರಿದ ಕುಟುಂಬದ ಹಣ ಥಟ್ಟನೆ ನಿಲ್ಲುವುದಿಲ್ಲ, ಸ್ವಲ್ಪ ಕಾಲ ಅರ್ಧ ಮುಂದುವರಿಯುತ್ತದೆ. ಶಾಲೆಯ ಊಟದ ದರ ಏರಿತು, ಕನಿಷ್ಠ ವೇತನದ ಹಳೆಯ ಸೂತ್ರ ಮರಳಿತು.

2025ರ ಜುಲೈನಲ್ಲಿ ವಿಶ್ವಸಂಸ್ಥೆಯ ವರದಿ ಬ್ರೆಜಿಲ್ ಮತ್ತೊಮ್ಮೆ ಹಸಿವಿನ ನಕ್ಷೆಯಿಂದ ಹೊರಬಂದಿದೆ ಎಂದು ಹೇಳಿತು. ಅಂದರೆ ಹಸಿದವರೇ ಇಲ್ಲವೆಂದಲ್ಲ. ಬ್ರೆಜಿಲ್‌ನದೇ ಅಂಕಿಅಂಶ ಸಂಸ್ಥೆಯ 2024ರ ಲೆಕ್ಕದಂತೆ ಶೇ 3.2ರಷ್ಟು ಮನೆಗಳಲ್ಲಿ ಇನ್ನೂ ತೀವ್ರ ಆಹಾರ ಅಭದ್ರತೆ ಇತ್ತು. ಉತ್ತರದ ಅಮೆಜಾನ್ ಸೀಮೆ ಮತ್ತು ಲೂಲಾ ಹುಟ್ಟಿದ ಈಶಾನ್ಯದಲ್ಲಿ ಆ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚು.